ಇಳಿಯುವ ಯೂರಿಕ್ ಆಮ್ಲ, ಏರುವ ನೋವು

ಔಷಧವನ್ನು ಸೇವಿಸತೊಡಗಿದ ಮೇಲೆ ರೋಗ ಕಡಮೆಯಾಗಬೇಕು; ಇದು ಲೋಕದ ನಿರೀಕ್ಷೆ. ಗೌಟ್ ಎಂಬ ಕೀಲುರೋಗದಲ್ಲಿ ಮಾತ್ರ ಈ ನಿರೀಕ್ಷೆಗೆ ತೀರ ವಿರುದ್ಧವಾದ ಸಂಗತಿಯೊಂದು ಮತ್ತೆ ಮತ್ತೆ ನಡೆಯುತ್ತಿರುತ್ತದೆ. ಒಂದು ರಾತ್ರಿ ಇದ್ದಕ್ಕಿದ್ದಂತೆ ರೋಗಿಯ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡು, ಹೊದಿಕೆಯ ಅಂಚು ತಗುಲಿದರೂ ಸಹಿಸಲಾರದಷ್ಟು ನೋಯುತ್ತದೆ. ವೈದ್ಯರು ರಕ್ತವನ್ನು ಪರೀಕ್ಷೆ ಮಾಡಿಸುತ್ತಾರೆ. ಯೂರಿಕ್ ಆಮ್ಲವು ಮಿತಿಮೀರಿದೆಯೆಂದು ತಿಳಿದುಬರುತ್ತದೆ. ಅದನ್ನು ಇಳಿಸುವ ಗುಳಿಗೆಯನ್ನು ಬರೆದುಕೊಡುತ್ತಾರೆ. ತಿಂಗಳೊಂದು ಕಳೆದು ಮತ್ತೆ ಪರೀಕ್ಷಿಸಿದಾಗ ೯ ಇದ್ದ ಅಂಕಿ ೬ಕ್ಕೆ ಇಳಿದಿರುತ್ತದೆ. ಎಲ್ಲರಿಗೂ ಸಂತೋಷ. ಆದರೆ ಅದೇ ವಾರ ಹೆಬ್ಬೆರಳು ಮತ್ತೆ ಊದುತ್ತದೆ. ಹಿಂದೆಂದೂ ನೋಯದಿದ್ದ ಕಣಕಾಲೋ ಮೊಣಕಾಲೋ ಅದರ ಜೊತೆಗೂಡುತ್ತದೆ. ‘ಈ ಮದ್ದು ನನ್ನ ಮೈಗೆ ಒಗ್ಗಲಿಲ್ಲ’ ಎಂದು ರೋಗಿಯು ಗುಳಿಗೆಯನ್ನು ನಿಲ್ಲಿಸಿಬಿಡುತ್ತಾನೆ.

ವಾಸ್ತವವಾಗಿ ಆ ಗುಳಿಗೆ ಕೆಲಸಮಾಡತೊಡಗಿತ್ತು. ಅದು ಕೆಲಸಮಾಡತೊಡಗಿದುದರಿಂದಲೇ ಆ ನೋವು ಬಂದಿತ್ತು. ರೋಗಿಗೆ ಇದು ಗೊತ್ತಿಲ್ಲದಿರುವುದು ಅವನ ತಪ್ಪೆಂದು ನನಗೆ ತೋರುವುದಿಲ್ಲ. ಅವನ ಕೈಯಲ್ಲಿ ಒಂದು ಅಂಕಿಯನ್ನು ಇಟ್ಟು, ಆ ಅಂಕಿಯ ಅರ್ಥವನ್ನು ಹೇಳದೆ ಕಳುಹಿಸಿದವರದು ತಪ್ಪು. ಆ ಅರ್ಥವೋ ಪ್ರೌಢಶಾಲೆಯ ರಸಾಯನಶಾಸ್ತ್ರಕ್ಕೆ ಮೀರಿದ್ದೇನೂ ಅಲ್ಲ. ದ್ರಾವಣ, ಪರ್ಯಾಪ್ತತೆ, ಹರಳುಗಟ್ಟುವಿಕೆ ಎಂಬ ಮೂರು ಮಾತುಗಳನ್ನು ಬಲ್ಲ ವಿದ್ಯಾರ್ಥಿಯು ಈ ರೋಗದ ಚಿಕಿತ್ಸೆಯ ತಿರುಳನ್ನು ಗ್ರಹಿಸಬಲ್ಲನು.

ಯೂರಿಕ್ ಆಮ್ಲವೆಂದರೇನು ಎಂಬುದನ್ನು ಮೊದಲು ನೋಡೋಣ. ಜೀವಕೋಶಗಳ ಬೀಜದಲ್ಲಿರುವ ನ್ಯೂಕ್ಲಿಯಿಕ್ ಆಮ್ಲಗಳಲ್ಲಿ ಪ್ಯೂರೀನ್ ಎಂಬ ವರ್ಗದ ವಸ್ತುಗಳುಂಟು. ಹಳೆಯ ಕೋಶಗಳು ಸತ್ತು ಹೊಸವು ಹುಟ್ಟುವಾಗ ಇವು ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತವೆ. ತಿಂದ ಆಹಾರದಿಂದಲೂ ಸ್ವಲ್ಪ ಬರುತ್ತದೆ. ಹೀಗೆ ದಿನಕ್ಕೆ ಸುಮಾರು ೭೦೦ ಮಿಲಿಗ್ರಾಂ ಹುಟ್ಟಿ, ಮೂರರಲ್ಲಿ ಎರಡು ಪಾಲು ಮೂತ್ರದಲ್ಲಿಯೂ ಉಳಿದುದು ಕರುಳಿನ ಮೂಲಕವೂ ಹೊರಹೋಗುತ್ತದೆ. ೧೭೭೬ರಲ್ಲಿ ಸ್ವೀಡನ್ನಿನ ಶೀಲೆ ಎಂಬ ರಸಾಯನಜ್ಞನು ಮೂತ್ರಕೋಶದ ಕಲ್ಲುಗಳಲ್ಲಿ ಇದನ್ನು ಕಂಡುಹಿಡಿದನು. ಕಾಣಬೇಕೆಂಬ ಕುತೂಹಲವುಳ್ಳವರು ದೂರ ಹೋಗಬೇಕಾಗಿಲ್ಲ: ಗೋಡೆಯ ಹಲ್ಲಿಯ ಹಿಕ್ಕೆಯ ತುದಿಯಲ್ಲಿರುವ ಬಿಳಿಯ ಚುಕ್ಕೆಯು ಬಹುಮಟ್ಟಿಗೆ ಯೂರಿಕ್ ಆಮ್ಲವೇ. ನೀರನ್ನು ಉಳಿಸಬೇಕಾದ ಹಲ್ಲಿಗೂ ಹಕ್ಕಿಗೂ ಕರಗದ ಕಶ್ಮಲವೇ ಅನುಕೂಲ. ನಮಗೆ ಅದೇ ತೊಡಕು. ಬಹುಪಾಲು ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವವಿದ್ದು, ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ಅಲ್ಲಂಟಾಯಿನ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಮನುಷ್ಯನೂ ಅವನ ಹತ್ತಿರದ ಬಂಧುಗಳಾದ ವಾನರಗಳೂ ಈ ಕಿಣ್ವವನ್ನು ಕೋಟ್ಯಂತರ ವರ್ಷಗಳ ಹಿಂದೆಯೇ ಕಳೆದುಕೊಂಡಿರುವುವು. ಅಷ್ಟು ಸಾಲದೆಂಬಂತೆ ನಮ್ಮ ಮೂತ್ರಪಿಂಡಗಳು ತಾವು ಸೋಸಿದ ಯೂರಿಕ್ ಆಮ್ಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಮತ್ತೆ ರಕ್ತಕ್ಕೇ ಹಿಂದಿರುಗಿಸುತ್ತವೆ.

ನಮ್ಮ ಪ್ರಾಚೀನ ವೈದ್ಯರು ಈ ಬಗೆಯ ಬೇನೆಯನ್ನು ಬಲ್ಲವರಾಗಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತರಕ್ತಕ್ಕೆಂದೇ ಒಂದು ಅಧ್ಯಾಯವುಂಟು. ಅದಕ್ಕೆ ಆಢ್ಯವಾತ, ಅಂದರೆ ಸಿರಿವಂತರ ವಾತ, ಎಂಬ ಇನ್ನೊಂದು ಹೆಸರೂ ಇದೆ. ವಾತರಕ್ತವೆಂಬುದು ಇಂದಿನ ಗೌಟಿಗಿಂತ ವಿಶಾಲವಾದ ಪದವೆಂದು ನನ್ನ ಭಾವನೆ; ಎರಡನ್ನೂ ಸಮವೆಂದು ಹಿಡಿಯುವುದು ಅವಸರದ ಮಾತಾದೀತು.

ರಕ್ತಕ್ಕೂ ಗೌಟಿಗೂ ಇರುವ ನಂಟನ್ನು ಕಣ್ಣಿಗೆ ಕಾಣುವಂತೆ ತೋರಿಸಿದವನು ಇಂಗ್ಲೆಂಡಿನ ವೈದ್ಯ ಆಲ್‌ಫ್ರೆಡ್ ಬೇರಿಂಗ್ ಗ್ಯಾರಡ್. ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಾಗಿರುವುದನ್ನು ಆತನು ೧೮೪೮ರಲ್ಲಿ ಪ್ರಕಟಿಸಿದನು. ಮುಂದೆ ಕೆಲವು ವರ್ಷಗಳಲ್ಲಿ ಆತನು ರೂಪಿಸಿದ ದಾರದ ಪರೀಕ್ಷೆಯು ಸರಳತೆಯಲ್ಲಿ ಅನುಪಮವಾದುದು. ಚಪ್ಪಟೆಯಾದ ಗಾಜಿನ ತಟ್ಟೆಯಲ್ಲಿ ರೋಗಿಯ ರಕ್ತದ ಸೀರಂ, ಎಂದರೆ ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ, ಸ್ವಲ್ಪವನ್ನು ಹಾಕಿ, ಕೆಲವು ತೊಟ್ಟು ಅಸೆಟಿಕ್ ಆಮ್ಲವನ್ನು ಬೆರೆಸಿ, ನಾರುಬಟ್ಟೆಯ ಒಂದೆರಡು ಎಳೆಗಳನ್ನು ಅದರಲ್ಲಿ ಮುಳುಗಿಸಿ, ಎರಡು ದಿನ ಅಲುಗಿಸದೆ ಇಡುವುದು. ಗೌಟ್ ರೋಗಿಯ ರಕ್ತವಾದರೆ ಎಳೆಯ ಉದ್ದಕ್ಕೂ ಯೂರಿಕ್ ಆಮ್ಲದ ಹರಳುಗಳು ಕಟ್ಟಿಕೊಳ್ಳುತ್ತವೆ. ಸಕ್ಕರೆಯ ಪಾಕದಲ್ಲಿ ದಾರವನ್ನು ಇಳಿಬಿಟ್ಟು ಕಲ್ಲುಸಕ್ಕರೆಯನ್ನು ಬೆಳೆಸುವುದನ್ನು ಬಲ್ಲವರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಕವು ಕರಗಿಸಿಕೊಳ್ಳಬಲ್ಲ ಸಕ್ಕರೆಗೆ ಒಂದು ಮಿತಿಯುಂಟು. ಆ ಮಿತಿಯನ್ನು ಮುಟ್ಟಿದ ದ್ರಾವಣವನ್ನು ಪರ್ಯಾಪ್ತವೆನ್ನುತ್ತೇವೆ. ಮಿತಿಯನ್ನು ದಾಟಿದ ಭಾಗವು ಅನುಕೂಲ ದೊರೆತೊಡನೆ ಹರಳಾಗುತ್ತದೆ. ರಕ್ತದಲ್ಲಿ ಯೂರಿಕ್ ಆಮ್ಲವು ಸೋಡಿಯಂ ಯೂರೇಟ್ ಎಂಬ ಲವಣದ ರೂಪದಲ್ಲಿದೆ. ರಕ್ತದಲ್ಲಿರುವಷ್ಟೇ ಸೋಡಿಯಂ ಇರುವ ದ್ರಾವಣದಲ್ಲಿ, ೩೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಈ ಲವಣದ ಪರ್ಯಾಪ್ತತೆಯ ಮಿತಿಯು ೧೦೦ ಮಿಲಿಲೀಟರಿಗೆ ಸುಮಾರು ೬.೮ ಮಿಲಿಗ್ರಾಂ. ೩೫ ಡಿಗ್ರಿಯಲ್ಲಿ ಅದು ೬. ೩೦ ಡಿಗ್ರಿಯಲ್ಲಿ ೪.೫. ಈ ಮೂರು ಅಂಕಿಗಳನ್ನು ವಾಚಕರು ನೆನಪಿನಲ್ಲಿಟ್ಟರೆ ಗೌಟಿನ ನಡತೆಯ ಅರ್ಧಭಾಗ ತಾನಾಗಿಯೇ ವಿಶದವಾಗುವುದು. ಹೃದಯದಿಂದ ಅತಿ ದೂರದಲ್ಲಿರುವ, ದೇಹದ ಒಳಭಾಗಕ್ಕಿಂತ ತಣ್ಣಗಿರುವ ಕಾಲ್ಬೆರಳಿನ ಕೀಲನ್ನು ಈ ರೋಗ ಏಕೆ ಮೊದಲು ಹಿಡಿಯುತ್ತದೆ, ಕಿವಿಯ ಅಂಚಿನಲ್ಲಿ ಏಕೆ ಗಂಟುಗಳು ಕಟ್ಟುತ್ತವೆ ಎಂಬುದಕ್ಕೆ ಉಷ್ಣತೆಯು ಒಂದು ಮುಖ್ಯ ಕಾರಣವಾಗಿದೆ. ಮಿತಿ ದಾಟಿದವರಿಗೆಲ್ಲ ಹರಳು ಕಟ್ಟುವುದಿಲ್ಲವೆಂಬುದೂ ನಿಜ. ಪಾಕಕ್ಕೆ ದಾರವು ಬೇಕಾದಂತೆ ಹರಳಿಗೂ ಒಂದು ನೆಲೆ ಬೇಕು. ಆ ನೆಲೆಯು ಎಲ್ಲರ ಕೀಲುಗಳಲ್ಲಿಯೂ ಒಂದೇ ರೀತಿಯಲ್ಲಿ ಒದಗುವುದಿಲ್ಲ.

ಇನ್ನು ನೋವಿನ ವಿಚಾರ. ಗೌಟಿನ ಗಂಟಿನಿಂದ ತೆಗೆದ ಸುಣ್ಣದಂಥ ಪದಾರ್ಥವನ್ನು ಹಾಲೆಂಡಿನ ಲೇವೆನ್‌ಹುಕ್ ೧೬೭೯ರಷ್ಟು ಹಿಂದೆಯೇ ತನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಸಣ್ಣ ಕಡ್ಡಿಗಳಂಥ ಹರಳುಗಳಿರುವುದನ್ನು ಕಂಡಿದ್ದನು. ಆದರೆ ಆ ಹರಳುಗಳೇ ನೋವಿಗೆ ಕಾರಣವೆಂಬುದು ನಿಶ್ಚಯವಾಗಲು ಮೂರು ಶತಮಾನಗಳೇ ಬೇಕಾದುವು. ೧೯೬೧ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹಾಲೆಂಡರ್ ಎಂಬ ವೈದ್ಯರು ಗೌಟ್ ರೋಗಿಗಳ ಕೀಲಿನ ದ್ರವವನ್ನು ಧ್ರುವೀಕೃತ ಬೆಳಕಿನಲ್ಲಿ ಪರೀಕ್ಷಿಸಿ, ಸೋಡಿಯಂ ಯೂರೇಟಿನ ಸೂಜಿಯಾಕಾರದ ಹರಳುಗಳನ್ನು ಗುರುತಿಸಿದರು. ಮರುವರ್ಷ ಫೇರ್ಸ್ ಮತ್ತು ಮೆಕಾರ್ಟಿ ಇಂಥ ಹರಳುಗಳನ್ನು ತಮ್ಮ ಮೊಣಕಾಲುಗಳಿಗೇ ಚುಚ್ಚಿಕೊಂಡು ನೋಡಿದರು! ಕೆಲವು ಗಂಟೆಗಳಲ್ಲಿಯೇ ಇಬ್ಬರೂ ಗೌಟಿನ ನೋವನ್ನು ಸ್ವತಃ ಅನುಭವಿಸಿದರು. ಬಿಳಿಯ ರಕ್ತಕಣಗಳು ಹರಳನ್ನು ನುಂಗಲು ಯತ್ನಿಸಿದಾಗ ಅವುಗಳೊಳಗೆ ಯಾವ ಎಚ್ಚರಿಕೆಯ ಗಂಟೆ ಬಾರಿಸುತ್ತದೆ, ಉರಿಯೂತವನ್ನೆಬ್ಬಿಸುವ ಇಂಟರ್‌ಲ್ಯೂಕಿನ್ ಎಂಬ ವಸ್ತು ಹೇಗೆ ಹೊರಬೀಳುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ೨೦೦೬ರಲ್ಲಿ ಬಿಡಿಸಿ ತೋರಿಸಿದರು.

ಇದರಿಂದ ತಿಳಿದುಬರುವ ವಿಷಯವು ಮುಖ್ಯವಾದುದು. ಕರಗಿರುವ ಯೂರಿಕ್ ಆಮ್ಲವು ಕೀಲನ್ನು ನೋಯಿಸುವುದಿಲ್ಲ, ಹರಳು ನೋಯಿಸುತ್ತದೆ. ರಕ್ತದ ಪರೀಕ್ಷೆಯು ಅಳೆಯುವುದು ಕರಗಿರುವುದನ್ನು. ಕೀಲುಗಳಲ್ಲಿ ಎಷ್ಟು ಹರಳು ಕೂಡಿದೆಯೆಂಬುದನ್ನು ಅದು ಹೇಳಲಾರದು. ೧೯೪೦ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿಗಳು ಭಾರವಾದ ನೈಟ್ರೋಜನ್ನಿನಿಂದ ಗುರುತುಮಾಡಿದ ಯೂರಿಕ್ ಆಮ್ಲವನ್ನು ಉಪಯೋಗಿಸಿ ದೇಹದಲ್ಲಿ ಓಡಾಡುವ ಒಟ್ಟು ಸಂಗ್ರಹವನ್ನು ಅಳೆದರು. ಆರೋಗ್ಯವಂತ ಗಂಡಸಿನಲ್ಲಿ ಅದು ಒಂದು ಗ್ರಾಂ ಅಥವಾ ಸ್ವಲ್ಪ ಹೆಚ್ಚು. ಗಂಟುಗಳು ಕಟ್ಟಿದ ಗೌಟ್ ರೋಗಿಯಲ್ಲಿ ೩೦ ಗ್ರಾಂವರೆಗೂ ಇರಬಹುದೆಂದು ಕಂಡುಬಂದಿತು. ಇಬ್ಬರ ರಕ್ತದ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ೫, ಇನ್ನೊಂದು ೯ ಆಗಿರಬಹುದು, ಎರಡರಷ್ಟೂ ಇಲ್ಲ. ಸಂಗ್ರಹವು ಮಾತ್ರ ಇಪ್ಪತ್ತು ಮೂವತ್ತು ಪಾಲು ಹೆಚ್ಚು.

ಈಗ ಚಿಕಿತ್ಸೆಗೆ ಬರೋಣ. ಯೂರಿಕ್ ಆಮ್ಲವನ್ನು ಇಳಿಸಲು ಎರಡು ದಾರಿಗಳುಂಟು: ಹೊರಹೋಗುವುದನ್ನು ಹೆಚ್ಚಿಸುವುದು, ಹುಟ್ಟುವುದನ್ನು ಕಡಮೆಮಾಡುವುದು. ಸೋಜಿಗವೆಂದರೆ, ಎರಡು ದಾರಿಗಳಿಗೂ ದೊರೆತ ಹಳೆಯ ಔಷಧಗಳು ಬೇರೆ ಯಾವುದೋ ಕೆಲಸಕ್ಕೆ ಹೊರಟವು. ಪ್ರೊಬೆನೆಸಿಡ್ ಎಂಬುದು ಪೆನಿಸಿಲಿನ್ ದುರ್ಲಭವಾಗಿದ್ದ ಕಾಲದಲ್ಲಿ ಅದು ಮೂತ್ರದಲ್ಲಿ ಸೋರಿಹೋಗದಂತೆ ತಡೆಯುವ ಉದ್ದೇಶದ ಸಂಶೋಧನೆಯಿಂದ ಬಂದುದು. ಅದು ಯೂರಿಕ್ ಆಮ್ಲವು ರಕ್ತಕ್ಕೆ ಹಿಂದಿರುಗುವುದನ್ನೂ ತಡೆಯುತ್ತದೆಂದು ಆಮೇಲೆ ತಿಳಿಯಿತು. ಅಲೊಪ್ಯೂರಿನಾಲನ್ನು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರು ರಕ್ತದ ಕ್ಯಾನ್ಸರಿನ ಒಂದು ಔಷಧವು ದೇಹದಲ್ಲಿ ಬೇಗನೆ ಒಡೆದುಹೋಗದಿರಲೆಂದು ಪರೀಕ್ಷಿಸುತ್ತಿದ್ದರು. ಆ ಔಷಧವನ್ನು ಒಡೆಯುವ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವವೇ ಯೂರಿಕ್ ಆಮ್ಲವನ್ನೂ ತಯಾರಿಸುವುದರಿಂದ, ಕಿಣ್ವವನ್ನು ತಡೆದೊಡನೆ ರೋಗಿಗಳ ಯೂರಿಕ್ ಆಮ್ಲವು ಇಳಿಯಿತು. ೧೯೬೬ರಲ್ಲಿ ಅಮೆರಿಕದಲ್ಲಿ ಅದಕ್ಕೆ ಗೌಟಿನ ಔಷಧವೆಂಬ ಮನ್ನಣೆ ದೊರೆಯಿತು. ೧೯೮೮ರ ನೊಬೆಲ್ ಪಾರಿತೋಷಕದಲ್ಲಿ ಇಬ್ಬರಿಗೂ ಪಾಲು ಸಂದಿತು. ಇಂದಿಗೂ ಇದೇ ಪ್ರಧಾನ ಔಷಧ.

ಅಲೊಪ್ಯೂರಿನಾಲನ್ನು ಸೇವಿಸತೊಡಗಿದ ಕೆಲವೇ ದಿನಗಳಲ್ಲಿ ಅಂಕಿಯು ಇಳಿಯುತ್ತದೆ. ಒಂದೆರಡು ವಾರಗಳಲ್ಲಿ ಆ ಪ್ರಮಾಣದ ಔಷಧಕ್ಕೆ ತಕ್ಕ ಹೊಸ ಮಟ್ಟದಲ್ಲಿ ನಿಲ್ಲುತ್ತದೆ. ವರದಿಯನ್ನು ನೋಡಿದವರಿಗೆ ಚಿಕಿತ್ಸೆ ಮುಗಿದಂತೆಯೇ ತೋರುತ್ತದೆ. ನಿಜವಾಗಿ ಆಗಿರುವುದಿಷ್ಟು: ದ್ರಾವಣವು ಪರ್ಯಾಪ್ತತೆಯ ಮಿತಿಯಿಂದ ಕೆಳಗಿಳಿದಿದೆ, ಆದಕಾರಣ ಹಳೆಯ ಹರಳು ಇನ್ನು ಕರಗಲಾರಂಭಿಸಬಲ್ಲುದು. ೨೦ ಗ್ರಾಂ ಸಂಗ್ರಹವುಳ್ಳವನಲ್ಲಿ ದಿನಕ್ಕೆ ೨೫ ಮಿಲಿಗ್ರಾಂ ಕರಗಿತೆಂದು ಕೇವಲ ಲೆಕ್ಕಕ್ಕಾಗಿ ಹಿಡಿದುಕೊಳ್ಳಿ. ಅದು ಖಾಲಿಯಾಗಲು ೮೦೦ ದಿನಗಳು ಬೇಕು. ರಕ್ತದ ಅಂಕಿಗೆ ಹದಿನೈದು ದಿನ, ಕೀಲಿನ ಹರಳಿಗೆ ತಿಂಗಳುಗಳು ಮತ್ತು ವರ್ಷಗಳು. ಈ ಎರಡು ಗಡಿಯಾರಗಳ ವ್ಯತ್ಯಾಸವನ್ನು ರೋಗಿಗೆ ಯಾರೂ ತಿಳಿಸುವುದಿಲ್ಲ. ಅಂಕಿಯನ್ನು ಎಷ್ಟು ಕೆಳಗಿಡುತ್ತೇವೋ ಗಂಟು ಅಷ್ಟು ಬೇಗ ಕುಗ್ಗುತ್ತದೆಂಬುದನ್ನು ಸ್ಪೇನಿನ ವೈದ್ಯರು ೨೦೦೨ರಲ್ಲಿ ಗಂಟುಗಳನ್ನು ಅಳೆದೇ ತೋರಿಸಿದರು.

ಹಾಗಾದರೆ ನೋವೇಕೆ? ಹೂಳು ತುಂಬಿದ ಕೆರೆಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹೂಳು ತಳದಲ್ಲಿ ಕೂತಿರುವವರೆಗೆ ಮೇಲಿನ ನೀರು ತಿಳಿಯಾಗಿರುತ್ತದೆ. ಹೂಳೆತ್ತಲು ಇಳಿದ ದಿನ ನೀರೆಲ್ಲ ಕದಡಿ ಕೆಸರಾಗುತ್ತದೆ. ಕೀಲಿನ ಮೃದ್ವಸ್ಥಿಯ ಮೇಲೆ ವರ್ಷಗಟ್ಟಲೆ ಪದರಗಟ್ಟಿದ ಹರಳುಗಳು ಪ್ರೋಟೀನಿನ ಹೊದಿಕೆ ಹೊದ್ದು ಸುಮ್ಮನಿರುತ್ತವೆ. ಸುತ್ತಲಿನ ದ್ರವದಲ್ಲಿ ಯೂರಿಕ್ ಆಮ್ಲವು ಒಮ್ಮೆಲೇ ಇಳಿದಾಗ ಪದರದ ಅಂಚು ಕರಗಿ ಸಡಿಲವಾಗುತ್ತದೆ, ಸಣ್ಣ ಹರಳುಗಳು ಕಳಚಿ ಕೀಲಿನ ದ್ರವದೊಳಗೆ ಬೀಳುತ್ತವೆ. ಬಿಳಿಯ ರಕ್ತಕಣಗಳು ಅವನ್ನು ಕಂಡು ಮುತ್ತುತ್ತವೆ. ಮುಂದಿನದು ಫೇರ್ಸ್ ಮತ್ತು ಮೆಕಾರ್ಟಿಯವರ ಮೊಣಕಾಲಿನಲ್ಲಿ ನಡೆದ ಕಥೆಯೇ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ೨೦೦೫ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ಸಾಕ್ಷಿಯಾಗಿದೆ. ಅದರಲ್ಲಿ ೭೬೨ ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಅಲೊಪ್ಯೂರಿನಾಲ್ ೩೦೦ ಮಿಲಿಗ್ರಾಂ, ಉಳಿದೆರಡಕ್ಕೆ ಫೆಬುಕ್ಸೊಸ್ಟಾಟ್ ಎಂಬ ಹೊಸ ಔಷಧವನ್ನು ೮೦ ಮತ್ತು ೧೨೦ ಮಿಲಿಗ್ರಾಂ ಪ್ರಮಾಣದಲ್ಲಿ ಕೊಟ್ಟರು. ಅಂಕಿಯನ್ನು ೬ರ ಕೆಳಗೆ ಹೆಚ್ಚು ಜನರಲ್ಲಿ ಇಳಿಸಿದುದು ೧೨೦ ಮಿಲಿಗ್ರಾಮಿನ ಪ್ರಮಾಣ. ಮೊದಲ ಎಂಟು ವಾರಗಳಲ್ಲಿ ಹೆಚ್ಚು ಜನರನ್ನು ನರಳಿಸಿದುದೂ ಅದೇ: ಆ ಗುಂಪಿನಲ್ಲಿ ನೂರಕ್ಕೆ ೩೬ ಮಂದಿಗೆ ನೋವು ಮರುಕಳಿಸಿದರೆ, ಉಳಿದೆರಡು ಗುಂಪುಗಳಲ್ಲಿ ೨೨ ಮತ್ತು ೨೧. ಅದೂ ನೋವುತಡೆಯುವ ಔಷಧವನ್ನು ಜೊತೆಯಲ್ಲಿ ಕೊಡುತ್ತಿದ್ದಾಗ. ಎಂಟು ವಾರಗಳ ಬಳಿಕ ಆ ತಡೆಯನ್ನು ತೆಗೆದಾಗ ಎಲ್ಲ ಗುಂಪುಗಳಲ್ಲಿಯೂ ನೋವು ಮತ್ತೆ ಹೆಚ್ಚಿತು. ಔಷಧವು ಎಷ್ಟು ಬಲವಾಗಿ ಅಂಕಿಯನ್ನು ಕೆಡಹುತ್ತದೋ ಕೆರೆಯು ಅಷ್ಟು ಕದಡುತ್ತದೆ.

ಈ ಕದಡುವಿಕೆಯನ್ನು ತಡೆಯುವ ಉಪಾಯವೂ ಹೊಸದೇನಲ್ಲ. ಔಷಧವನ್ನು ಸಣ್ಣ ಪ್ರಮಾಣದಿಂದ, ಅಲೊಪ್ಯೂರಿನಾಲ್ ಆದರೆ ದಿನಕ್ಕೆ ೧೦೦ ಮಿಲಿಗ್ರಾಂ ಮೀರದಂತೆ, ಮೂತ್ರಪಿಂಡ ದುರ್ಬಲವಾದವರಲ್ಲಿ ಇನ್ನೂ ಕಡಮೆಯಿಂದ, ಆರಂಭಿಸಿ ಮೆಟ್ಟಿಲುಮೆಟ್ಟಿಲಾಗಿ ಏರಿಸಬೇಕು. ಮೊದಲ ಮೂರರಿಂದ ಆರು ತಿಂಗಳು ಕಾಲ್ಚಿಸೀನನ್ನೋ ಬೇರೊಂದು ಉರಿಯೂತ ನಿವಾರಕವನ್ನೋ ಅಲ್ಪ ಪ್ರಮಾಣದಲ್ಲಿ ಜೊತೆಗೂಡಿಸಬೇಕು. ೨೦೦೪ರ ಒಂದು ಸಣ್ಣ ಪರೀಕ್ಷೆಯಲ್ಲಿ ಅಲೊಪ್ಯೂರಿನಾಲಿನೊಡನೆ ಕಾಲ್ಚಿಸೀನನ್ನು ಪಡೆದವರಿಗೆ ಆರು ತಿಂಗಳಲ್ಲಿ ಸರಾಸರಿ ಅರ್ಧ ಸಲ ಮಾತ್ರ ನೋವು ಬಂದರೆ, ಪಡೆಯದವರಿಗೆ ಸುಮಾರು ಮೂರು ಸಲ ಬಂದಿತು. ಕಾಲ್ಚಿಸೀನು ನಮ್ಮ ಬೇಲಿಗಳಲ್ಲಿಯೂ ಕಾಡಿನಂಚುಗಳಲ್ಲಿಯೂ ಬೆಂಕಿಯ ನಾಲಗೆಯಂಥ ಹೂ ಬಿಡುವ ಅಗ್ನಿಶಿಖೆಯ ಬಳ್ಳಿಯಲ್ಲಿಯೂ ಇದೆ. ಇದನ್ನೋದಿ ಯಾರೂ ಅದರ ಗೆಡ್ಡೆಗೆ ಕೈಹಾಕತಕ್ಕುದಲ್ಲ. ಅದು ಪ್ರಾಣಘಾತಕವಾದ ವಿಷ. ಗುಳಿಗೆಯಲ್ಲಿರುವುದು ಅರ್ಧ ಮಿಲಿಗ್ರಾಮಿನಷ್ಟು ಮಾತ್ರ.

ಇಷ್ಟಿದ್ದೂ ಗುಳಿಗೆಯನ್ನು ಬಿಟ್ಟವನಿಗೆ ಏನಾಗುತ್ತದೆ? ಕೆಲವು ವಾರಗಳಲ್ಲಿ ಅಂಕಿಯು ಹಳೆಯ ಎತ್ತರಕ್ಕೆ ಏರುತ್ತದೆ. ಕರಗತೊಡಗಿದ್ದ ಹರಳು ಮತ್ತೆ ಬೆಳೆಯುತ್ತದೆ. ಮುಂದಿನ ಸಲ ನೋವು ತಡೆಯಲಾರದೆ ಗುಳಿಗೆಯನ್ನು ಮತ್ತೆ ತೊಡಗಿದರೆ ಕದಡುವಿಕೆಯೂ ಮೊದಲಿನಿಂದ ತೊಡಗುತ್ತದೆ. ಬಿಡುವುದು, ಹಿಡಿಯುವುದು, ಬಿಡುವುದು. ಹೀಗೆ ಚಿಕಿತ್ಸೆಯ ಕಷ್ಟವನ್ನೆಲ್ಲ ಅನುಭವಿಸಿ ಅದರ ಫಲವನ್ನು ಮಾತ್ರ ಕಾಣದವರು ಬಹಳ ಮಂದಿ.

ಇನ್ನೊಂದು ಮೋಸವೂ ಈ ಅಂಕಿಯಲ್ಲಿದೆ. ನೋವು ತೀವ್ರವಾಗಿರುವ ದಿನಗಳಲ್ಲಿ ಮೂತ್ರಪಿಂಡಗಳು ಯೂರಿಕ್ ಆಮ್ಲವನ್ನು ಹೆಚ್ಚಾಗಿ ಹೊರಹಾಕುವುದುಂಟು. ಆಗ ರಕ್ತವನ್ನು ಪರೀಕ್ಷಿಸಿದರೆ ಕೆಲವರಲ್ಲಿ ಅಂಕಿಯು ಸಹಜವೆಂದೇ ಬರುತ್ತದೆ. ‘ಯೂರಿಕ್ ಆಮ್ಲ ಸರಿಯಾಗಿದೆ, ಇದು ಗೌಟ್ ಅಲ್ಲ’ ಎಂದು ತೀರ್ಮಾನಿಸಿದರೆ ಕೀಲಿನಲ್ಲಿರುವ ಹರಳು ನಗುತ್ತದೆ. ಸಂದೇಹವಿದ್ದಲ್ಲಿ ಕೀಲಿನ ದ್ರವವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇಲ್ಲವೆ ನೋವು ಇಳಿದು ಎರಡು ವಾರಗಳಾದ ಮೇಲೆ ರಕ್ತವನ್ನು ಇನ್ನೊಮ್ಮೆ ಪರೀಕ್ಷಿಸಬೇಕು.

ಅಂಕಿಯು ಹೀಗೆ ಮೋಸಮಾಡುವುದಾದರೆ ಅದನ್ನು ನೋಡುವುದಾದರೂ ಏಕೆ, ನೋವು ಬಂದಾಗ ನೋವಿಗೆ ಮದ್ದು ಕೊಟ್ಟರೆ ಸಾಲದೇ ಎಂದು ಕೇಳುವವರುಂಟು. ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಅಮೆರಿಕದ ಕಾಯಚಿಕಿತ್ಸಕರ ಕಾಲೇಜು ೨೦೧೬ರಲ್ಲಿ, ಒಂದು ಅಂಕಿಯನ್ನು ಗುರಿಯಾಗಿಟ್ಟು ಚಿಕಿತ್ಸೆ ಮಾಡುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅಭಿಪ್ರಾಯಪಟ್ಟಿತು. ಅದೇ ವರ್ಷ ಯುರೋಪಿನ ವಾತರೋಗತಜ್ಞರ ಸಂಘವೂ ೨೦೨೦ರಲ್ಲಿ ಅಮೆರಿಕದ ವಾತರೋಗತಜ್ಞರ ಸಂಸ್ಥೆಯೂ ೬ರ ಕೆಳಗೆ ಇಳಿಸಿ ಅಲ್ಲಿಯೇ ಇಡಬೇಕೆಂದು ವಿಧಿಸಿದುವು. ಈ ವಿವಾದದಲ್ಲಿ ನನ್ನ ಒಲವು ಎರಡನೆಯ ಪಕ್ಷದ ಕಡೆಗೆ. ಅದಕ್ಕೆ ಕಾರಣ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಪರೀಕ್ಷೆ. ಅಲ್ಲಿ ೫೧೭ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಎಂದಿನಂತೆ ಕುಟುಂಬವೈದ್ಯರ ಕೈಗೆ ಬಿಟ್ಟರು. ಉಳಿದವರನ್ನು ತರಬೇತಾದ ದಾದಿಯರು ನೋಡಿಕೊಂಡರು. ದಾದಿಯರು ವಿಶೇಷವಾಗಿ ಮಾಡಿದುದು ಏನು? ರೋಗವೆಂದರೇನು, ಹರಳೆಂದರೇನು, ಮೊದಲು ನೋವು ಏಕೆ ಬರಬಹುದು ಎಂಬುದನ್ನು ವಿವರಿಸಿ, ರೋಗಿಯ ಅಭಿಪ್ರಾಯವನ್ನೂ ಕೇಳಿ, ಗುರಿ ಮುಟ್ಟುವವರೆಗೆ ಔಷಧವನ್ನು ಹಂತಹಂತವಾಗಿ ಏರಿಸಿದರು. ಎರಡು ವರ್ಷಗಳ ಕೊನೆಯಲ್ಲಿ ಅವರ ರೋಗಿಗಳಲ್ಲಿ ನೂರಕ್ಕೆ ೯೫ ಮಂದಿಯ ಅಂಕಿಯು ಗುರಿಯಲ್ಲಿತ್ತು. ಇನ್ನೊಂದು ಗುಂಪಿನಲ್ಲಿ ೩೦ ಮಂದಿಯದು. ಎರಡನೆಯ ವರ್ಷದಲ್ಲಿ ಎರಡು ಅಥವಾ ಹೆಚ್ಚು ಸಲ ನೋವು ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ ೮, ಎರಡನೆಯದರಲ್ಲಿ ೨೪. ಎರಡು ಗುಂಪುಗಳಿಗೂ ಹೊಸ ಔಷಧ ದೊರೆತಿರಲಿಲ್ಲ. ಔಷಧಗಳು ಅವೇ ಹಳೆಯವು. ಹೆಚ್ಚಾಗಿ ದೊರೆತುದು ವಿವರಣೆ, ನಿಗಾ, ಸಮಯ. ಲಾಭವು ಎರಡನೆಯ ವರ್ಷದಲ್ಲಿ ಸ್ಪಷ್ಟವಾಯಿತೆಂಬುದನ್ನು ವಾಚಕರು ಗಮನಿಸಬೇಕು. ಮೂರು ತಿಂಗಳಲ್ಲಿ ನಿಲ್ಲಿಸಿದವನಿಗೆ ಆ ಲಾಭ ಕಾಣುವುದೇ ಇಲ್ಲ.

ನಮ್ಮ ಪ್ರಯೋಗಶಾಲೆಗಳ ವರದಿಗಳ ಬಗ್ಗೆಯೂ ಒಂದು ಮಾತು ಹೇಳಬೇಕಾಗಿದೆ. ಅನೇಕ ವರದಿಗಳಲ್ಲಿ ಗಂಡಸರ ಯೂರಿಕ್ ಆಮ್ಲದ ಸಹಜ ಮಿತಿಯನ್ನು ೭ ಅಥವಾ ೭.೨ರವರೆಗೆ ಎಂದು ಅಚ್ಚುಮಾಡಿರುತ್ತಾರೆ. ಈ ಮಿತಿಯು ಜನಸಾಮಾನ್ಯರ ರಕ್ತವನ್ನು ಪರೀಕ್ಷಿಸಿ, ಬಹುಮಂದಿಯಲ್ಲಿ ಎಷ್ಟಿದೆಯೆಂದು ನೋಡಿ ಬರೆದುದು. ಹರಳಿಗೆ ಜನಗಣತಿಯ ಹಂಗಿಲ್ಲ, ಅದು ೬.೮ನ್ನು ಮಾತ್ರ ಬಲ್ಲುದು. ತಣ್ಣಗಿನ ಕಾಲ್ಬೆರಳಿನಲ್ಲಿ ಅದಕ್ಕಿಂತಲೂ ಕೆಳಗಿನದನ್ನು. ಗೌಟ್ ರೋಗಿಯೊಬ್ಬನ ವರದಿಯಲ್ಲಿ ೭ ಎಂದು ಬಂದು, ಅದರ ಮುಂದೆ ಸಹಜವೆಂಬ ಗುರುತಿದ್ದರೆ ಅವನು ಔಷಧವನ್ನು ಏರಿಸುವ ಯೋಚನೆಯನ್ನೇ ಮಾಡುವುದಿಲ್ಲ. ಅವನ ಹರಳು ಮಾತ್ರ ಹಾಯಾಗಿ ಬೆಳೆಯುತ್ತಿರುತ್ತದೆ. ಚಿಕಿತ್ಸೆಯಲ್ಲಿರುವವನ ವರದಿಯಲ್ಲಿ ಜನಸಾಮಾನ್ಯರ ಮಿತಿಯ ಬದಲು ಪರ್ಯಾಪ್ತತೆಯ ಮಿತಿಯನ್ನೂ ಚಿಕಿತ್ಸೆಯ ಗುರಿಯನ್ನೂ ಮುದ್ರಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದರ ಮಗ್ಗುಲಲ್ಲಿಯೇ ಇದಕ್ಕೆ ವಿರುದ್ಧವಾದ ತಪ್ಪೂ ಬೆಳೆಯುತ್ತಿದೆ. ಸಂಪೂರ್ಣ ಆರೋಗ್ಯ ತಪಾಸಣೆಯೆಂಬುದು ನಗರಗಳಲ್ಲಿ ರೂಢಿಯಾದ ಮೇಲೆ, ಒಂದು ದಿನವೂ ಕೀಲು ನೋಯದವರು ಯೂರಿಕ್ ಆಮ್ಲ ೭.೮ ಎಂಬ ವರದಿಯನ್ನು ಹಿಡಿದು ಕಂಗಾಲಾಗುವುದನ್ನು ನೋಡುತ್ತೇವೆ. ಅಂಕಿಯು ೯ನ್ನು ದಾಟಿದವರಲ್ಲಿಯೂ ಐದು ವರ್ಷಗಳಲ್ಲಿ ಗೌಟ್ ಬಂದುದು ನೂರಕ್ಕೆ ೨೨ ಮಂದಿಗೆ ಮಾತ್ರವೆಂದು ೧೯೮೭ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೀರ್ಘ ಅಧ್ಯಯನ ತಿಳಿಸಿತು. ರೋಗವಿಲ್ಲದ ಬರಿಯ ಅಂಕಿಗೆ ಗುಳಿಗೆಯನ್ನು ನುಂಗಬೇಕಾಗಿಲ್ಲ. ತೊಗರಿಬೇಳೆಯ ಸಾರನ್ನೂ ಸೊಪ್ಪಿನ ಹುಳಿಯನ್ನೂ ತೊರೆಯಬೇಕಾಗಿಯೂ ಇಲ್ಲ. ಸುಮಾರು ೪೭,೦೦೦ ಗಂಡಸರನ್ನು ಹನ್ನೆರಡು ವರ್ಷ ಗಮನಿಸಿ ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸ ಮತ್ತು ಸಮುದ್ರದ ಆಹಾರ ಗೌಟಿನ ಸಂಭವವನ್ನು ಹೆಚ್ಚಿಸಿದುವು. ಹಾಲಿನ ಪದಾರ್ಥಗಳು ತಗ್ಗಿಸಿದುವು. ಪ್ಯೂರೀನ್ ಹೆಚ್ಚಾಗಿರುವ ಕಾಳು, ಸೊಪ್ಪು, ತರಕಾರಿಗಳಿಂದ ಸಂಭವವು ಹೆಚ್ಚಲಿಲ್ಲ. ಮದ್ಯದ ಮಾತು ಬೇರೆ. ಬಿಯರು ನಿಜವಾದ ಶತ್ರು. ಆದರೂ ರೋಗವು ಬೇರೂರಿದವನು ಪಥ್ಯವೊಂದರಿಂದಲೇ ೯ನ್ನು ೬ಕ್ಕೆ ಇಳಿಸುವುದು ಅಪರೂಪ. ಮನೆಯವರು ಬೇಳೆಯ ಮೇಲೆ ಕಾವಲು ಕೂತು, ಗುಳಿಗೆ ತಪ್ಪಿದುದನ್ನು ಗಮನಿಸದಿರುವುದನ್ನು ಕಂಡಾಗ ವ್ಯಥೆಯಾಗುತ್ತದೆ.

ಗುಳಿಗೆಯನ್ನು ಬಿಡಬಾರದೆಂಬ ಮಾತಿಗೆ ಒಂದು ಅಪವಾದವುಂಟು. ಅದನ್ನು ಮರೆಮಾಚುವುದು ಅನ್ಯಾಯ. ಅಲೊಪ್ಯೂರಿನಾಲ್ ಬಹಳ ವಿರಳವಾಗಿ ಚರ್ಮದ ಘೋರವಾದ ಪ್ರತಿಕ್ರಿಯೆಯನ್ನು ಉಂಟುಮಾಡುತ್ತದೆ, ಸಾವೂ ಸಂಭವಿಸಬಹುದು. ಒಂದು ವಿಶಿಷ್ಟ ಆನುವಂಶಿಕ ಗುರುತುಳ್ಳವರಿಗೆ ಈ ಅಪಾಯ ಹೆಚ್ಚೆಂದು ತೈವಾನಿನ ಸಂಶೋಧಕರು ೨೦೦೫ರಲ್ಲಿ ತೋರಿಸಿದರು. ಇದು ಬಹುಮಟ್ಟಿಗೆ ಮೊದಲ ಎರಡು ಮೂರು ತಿಂಗಳಲ್ಲಿಯೇ ಕಾಣಿಸಿಕೊಳ್ಳುವುದರಿಂದ, ಅದೇ ಕಾಲದಲ್ಲಿ ಬರುವ ಕೀಲುನೋವಿನಿಂದ ಇದನ್ನು ಬೇರ್ಪಡಿಸಿ ತಿಳಿದಿರಬೇಕು. ಕೀಲು ಊದಿದರೆ ಗುಳಿಗೆಯನ್ನು ಮುಂದುವರಿಸಿ, ನೋವಿಗೆ ಬೇರೆ ಮದ್ದನ್ನು ಪಡೆಯತಕ್ಕದ್ದು. ಮೈಮೇಲೆ ದದ್ದು ಎದ್ದರೆ, ಬಾಯಿ ಹುಣ್ಣಾದರೆ, ಅದರೊಡನೆ ಜ್ವರ ಬಂದರೆ ಇನ್ನೊಂದು ಗುಳಿಗೆಯನ್ನೂ ನುಂಗದೆ ಅಂದೇ ವೈದ್ಯರನ್ನು ಕಾಣತಕ್ಕದ್ದು. ಔಷಧದ ಚೀಟಿಯ ಹಿಂಬದಿಯಲ್ಲಿ ಈ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಡಲು ವೈದ್ಯರಿಗೆ ಒಂದು ನಿಮಿಷ ಹಿಡಿಯಬಹುದು. ಅದರ ಕೆಳಗೆ ಮುಂದಿನ ಪರೀಕ್ಷೆಯ ದಿನಾಂಕವಿರಲಿ: ಗುರಿ ಮುಟ್ಟುವವರೆಗೆ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ, ಕೀಲು ನೋಯದಿರುವ ದಿನ ನೋಡಿಕೊಂಡು.